ಕಲಿಯುವ ದಿನದ ಕೂಲಿ ಯಾರು ಕೊಡುತ್ತಾರೆ?

ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. "ಸಾರ್, ನಾನು ಸೆಂಟ್ರಿಂಗ್ ಕೆಲ್ಸ ಮಾಡೋನು. ಮಗ ಡಿಪ್ಲೊಮಾ ಸಿವಿಲ್ ಸೇರ್ಕಂಡವ್ನೆ. ಸಿಮೆಂಟ್ ಕಂಪ್ನೇರು, ಟ್ರಸ್ಟ್‌ನೋರು ಓದಾಕೆ ದುಡ್ಡು ಕೊಡ್ತಾರಂತಲ್ಲ, ಎಲ್ಲಿಗೆ ಅರ್ಜಿ ಹಾಕ್ಬೇಕು ಹೇಳ್ರಿ." ಚಳ್ಳಕೆರೆಯಿಂದ ಬಂದರೂ ಇದೇ, ಮೊಳಕಾಲ್ಮೂರಿನಿಂದ ಬಂದರೂ ಇದೇ; ಅಲ್ಲಿಂದ ಬಂದ ಮಾತಿನ ನಡುವೆ ಒಂದೆರಡು ತೆಲುಗು ಪದ ನುಸುಳಿರುತ್ತವೆ, ಅಷ್ಟೇ ವ್ಯತ್ಯಾಸ. ಕೆಲವರು ಮಗನ ಬದಲು ತಮ್ಮ ಬಗ್ಗೆಯೇ ಕೇಳುತ್ತಾರೆ. ಇಷ್ಟು ವರ್ಷ ಕಂಬಿ ಕಟ್ಟಿದ್ದೇನೆ, ಒಂದು ಸರ್ಟಿಫಿಕೇಟು ಇದ್ದಿದ್ದರೆ ದೊಡ್ಡ ಕಂಪನಿಯ ಸೈಟಿನಲ್ಲಿ ಸೇರಿಕೊಳ್ಳಬಹುದಿತ್ತು, ಅದಕ್ಕೆ ಯಾರಾದರೂ ನೆರವಾಗುತ್ತಾರಾ ಎಂದು. ಈ ಎರಡನೇ ಪ್ರಶ್ನೆ ಅಪರೂಪ. ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ತೂಕದ್ದು.

ಇದನ್ನು ಕೇಳುವವರು ಈ ಎರಡು ತಾಲ್ಲೂಕುಗಳಲ್ಲಿ ಯಾಕೆ ಇಷ್ಟೊಂದು ಮಂದಿ ಎಂದು ಹೊರಗಿನವರಿಗೆ ಅನ್ನಿಸಬಹುದು. ಇಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆ ಇಲ್ಲ. ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಮಿಲ್ಲು, ಕಂಬಳಿ. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ, ಅಶೋಕನ ಶಾಸನ. ಆದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ ಕೈಕೊಟ್ಟ ವರ್ಷ ಹಟ್ಟಿ, ತಾಂಡಾಗಳ ಹುಡುಗರು ಬೆಂಗಳೂರು, ಬಳ್ಳಾರಿಯ ಬಸ್ಸು ಹತ್ತುತ್ತಾರೆ. ಮಗ್ಗ ಬಿಟ್ಟವರೂ ಅದೇ ಬಸ್ಸಿನಲ್ಲಿರುತ್ತಾರೆ. ಇಳಿದಲ್ಲಿ ಕಾಯುತ್ತಿರುವ ಕೆಲಸ ಒಂದೇ, ಕಟ್ಟಡದ ಕೆಲಸ. ಊರಲ್ಲೇ ಉಳಿದವರಿಗೂ ಕಾಂಕ್ರೀಟು ತಪ್ಪಲಿಲ್ಲ. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಡಿಆರ್‌ಡಿಒ, ಉಳ್ಳಾರ್ತಿ ಕಡೆ ಬಿಎಆರ್‌ಸಿ ಬಂದವು. ಹುಲ್ಲುಗಾವಲು ಹೋಯಿತು, ಕಾಂಪೌಂಡು ಗೋಡೆ ಎದ್ದಿತು. ಆ ಜಮೀನಿನ ಜಗಳ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದ್ದು ಇನ್ನೊಂದು ಅಂಕಣದ ಮಾತು. ಬಳ್ಳಾರಿ ಹಿರಿಯೂರು ಹೆದ್ದಾರಿ ಅಗಲವಾದಾಗಲೂ ಬಾಂಡ್ಲಿ ಹೊತ್ತವರು ಇಲ್ಲಿಯವರೇ. ಜಲ್ಲಿ ಕ್ರಷರು, ಎಂ-ಸ್ಯಾಂಡು, ಹಾಲೋಬ್ಲಾಕ್ ಮಾಡುವ ಸಣ್ಣ ಅಂಗಳಗಳು, ಎಲ್ಲ ಸೇರಿಸಿದರೆ ಕಾರ್ಖಾನೆಯ ಚಿಮಣಿ ಕಾಣದೆಯೂ ಇದೊಂದು ಕಾಂಕ್ರೀಟಿನ ನಾಡೇ.

ಹಾಗಾದರೆ ದತ್ತಿ ಹಣ ಎಲ್ಲಿದೆ? ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಸಿಗಬಹುದಾದ ಹಣದಲ್ಲಿ ದೊಡ್ಡ ಪಾಲು ದಾನವೇ ಅಲ್ಲ, ಅದು ನಿಮ್ಮದೇ ದುಡ್ಡು. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಒಂದು ಕಾಯ್ದೆ, ಅದರ ಬೆನ್ನಿಗೆ ಸೆಸ್ ವಸೂಲಿಗೆ ಇನ್ನೊಂದು ಕಾಯ್ದೆ ಮಾಡಿತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಕಾರ್ಮಿಕರ ನಿಧಿಗೆ ಹೋಗಬೇಕು. ಸರ್ಕಾರಿ ಕಾಮಗಾರಿಯಾದರೆ ಗುತ್ತಿಗೆದಾರನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ. ಮೂವತ್ತು ಲಕ್ಷದ ಕಟ್ಟಡಕ್ಕೆ ಮೂವತ್ತು ಸಾವಿರ. ಕುದಾಪುರದಲ್ಲಿ ಎದ್ದ ಗೋಡೆಗೂ, ಹೆದ್ದಾರಿಯ ಸೇತುವೆಗೂ ಈ ಲೆಕ್ಕ ಅನ್ವಯ. ಹೀಗೆ ಕೂಡಿದ ಹಣವನ್ನು ನೋಡಿಕೊಳ್ಳಲು 2007ರಲ್ಲಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಹುಟ್ಟಿತು. 2025ರ ನವೆಂಬರಿನಲ್ಲಿ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆಗಳು ಅದರಲ್ಲಿ ಸೇರಿಹೋಗಿವೆ. ಸೆಸ್ ಮಾತ್ರ ಅಲ್ಲೂ ಉಂಟು, ನೂರಕ್ಕೆ ಒಂದಕ್ಕಿಂತ ಕಡಿಮೆ ಆಗಬಾರದು, ಎರಡು ಮೀರಬಾರದು ಎಂಬ ಗೆರೆಯೊಳಗೆ.

ಆ ಮಂಡಳಿಯ ಕಲಿಕೆ ಭಾಗ್ಯ ಯೋಜನೆಯೇ ಫೋನು ಮಾಡಿದ ಸೆಂಟ್ರಿಂಗ್ ಅಣ್ಣನಿಗೆ ನಾನು ಹೇಳುವ ಮೊದಲ ಉತ್ತರ. ನೋಂದಾಯಿತ ಕಾರ್ಮಿಕರ ಇಬ್ಬರು ಮಕ್ಕಳಿಗೆ ಶಾಲೆಯಿಂದ ಹಿಡಿದು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್‌ವರೆಗೆ ಸಹಾಯಧನ ಇದೆ. ಅದಕ್ಕೆ ಲೇಬರ್ ಕಾರ್ಡು ಬೇಕು. ಕಾರ್ಡಿಗೆ 18ರಿಂದ 60ರೊಳಗಿನ ವಯಸ್ಸು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ ದೃಢೀಕರಣ ಬೇಕು. ತೊಡಕು ಹುಟ್ಟುವುದು ಇಲ್ಲೇ. ಮೂರು ತಿಂಗಳು ನಾಲ್ಕು ಮೇಸ್ತ್ರಿಗಳ ಕೈಕೆಳಗೆ, ಎರಡು ಜಿಲ್ಲೆಗಳಲ್ಲಿ ದುಡಿದವನಿಗೆ ಸಹಿ ಹಾಕಿಕೊಡುವವರು ಯಾರು? ಕೆಲಸವನ್ನೇ ಮಾಡದವನಿಗೆ ಸಹಿ ಸಿಗುವುದು ಎಷ್ಟು ಸಲೀಸು ಎಂಬುದು ಊರಿಗೆಲ್ಲ ಗೊತ್ತು. ಅಂಥ ಕಾರ್ಡುಗಳನ್ನು ಇಲಾಖೆ ಹುಡುಕಿ ರದ್ದು ಮಾಡುತ್ತಿದೆ. ಮಾಡಲಿ. ಆ ಜರಡಿಯಲ್ಲಿ ನಿಜವಾದ ಬಾಂಡ್ಲಿಯವರೂ ಉದುರದಂತೆ ನೋಡಿಕೊಳ್ಳಲಿ. ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು, ಮಗಳ ಅಂಕಪಟ್ಟಿಯಲ್ಲಿ ಮತ್ತೊಂದು ಇರುವ ಮನೆಗಳು ನಮ್ಮ ಹಟ್ಟಿಗಳಲ್ಲಿ ಬೇಕಾದಷ್ಟಿವೆ. ಪೋರ್ಟಲ್ಲಿಗೆ ಅಪ್ಪನ ಪರಿಚಯವಿರುವುದಿಲ್ಲ, ಅಕ್ಷರದ ಪರಿಚಯ ಮಾತ್ರ ಇರುತ್ತದೆ. ಜೂನಿನಲ್ಲಿ ಫೋನು ಮಾಡುವ ಬದಲು ಫೆಬ್ರುವರಿಯಲ್ಲೇ ಕಾರ್ಡು ಜೀವಂತ ಇದೆಯಾ, ಹೆಸರು ಹೊಂದುತ್ತಾ ಎಂದು ನೋಡಿಕೊಂಡವರಿಗೆ ಅರ್ಧ ಕೆಲಸ ಆದಂತೆ.

ಈ ನಿಧಿಯ ಬಗ್ಗೆ ನನಗೆ ಗೌರವವೂ ಇದೆ, ಸಿಟ್ಟೂ ಇದೆ. 2018ರಲ್ಲಿ ಸುಪ್ರೀಂ ಕೋರ್ಟು ಈ ಸೆಸ್ ಹಣ ದೇಶದಾದ್ಯಂತ ಹೇಗೆ ಕೊಳೆಯುತ್ತಿದೆ ಎಂದು ಕಟುವಾಗಿ ಬರೆಯಿತು. ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್ನಿಗೆ ಖರ್ಚಾದ ಸಂಗತಿ ಆ ಪ್ರಕರಣದಲ್ಲೇ ಹೊರಬಂತು. ತಗಡಿನ ಶೆಡ್ಡಿನಲ್ಲಿದ್ದು ಒಂದು ಕೊಡ ನೀರಿಗೆ ಸಾಲು ನಿಲ್ಲುವವಳ ಹೆಸರಿನ ದುಡ್ಡಿನಲ್ಲಿ ವಾಷಿಂಗ್ ಮೆಷಿನ್! ನಮ್ಮ ರಾಜ್ಯದಲ್ಲಿ 2023ರಲ್ಲಿ ಕಲಿಕೆ ಭಾಗ್ಯದ ಮೊತ್ತವನ್ನು ಒಂದೇ ಆದೇಶದಲ್ಲಿ ತೀವ್ರವಾಗಿ ಇಳಿಸಿದರು. ಕಾರ್ಮಿಕ ಸಂಘಗಳು ಬೀದಿಗಿಳಿದವು, ವಿಷಯ ಹೈಕೋರ್ಟಿಗೂ ಹೋಯಿತು. ಸರ್ಕಾರಕ್ಕೆ ಅದರದ್ದೇ ಕಾರಣಗಳಿದ್ದಾವು. ಆದರೆ ದಾನ ಕೊಡುವವನು ಕೈ ಬಿಗಿ ಮಾಡಬಹುದು. ಕೂಲಿಯವನ ಕಟ್ಟಡದಿಂದಲೇ ಎತ್ತಿದ ಹಣವನ್ನು ನೋಡಿಕೊಳ್ಳುವವನಿಗೆ ಅಷ್ಟು ಸದರ ಇರಬಾರದು. ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲುವ ನಮ್ಮವರೂ ಇದನ್ನು ತಿಳಿದುಕೊಳ್ಳಬೇಕು.

ಇನ್ನು ಕಂಪನಿಗಳ ಹಣ. 2014ರ ಏಪ್ರಿಲ್‌ನಿಂದ, ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ಒಂದು ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಇಡಬೇಕು. ವರ್ಷಕ್ಕೆ ಐದು ಕೋಟಿ ನಿವ್ವಳ ಲಾಭ, ಇಲ್ಲವೇ ಸಾವಿರ ಕೋಟಿ ವಹಿವಾಟು, ಇಲ್ಲವೇ ಐನೂರು ಕೋಟಿ ನಿವ್ವಳ ಆಸ್ತಿ, ಯಾವುದಾದರೊಂದು ಇದ್ದರೂ ಸಾಕು. ಶಿಕ್ಷಣ ಮತ್ತು ಉದ್ಯೋಗ ಕೌಶಲ ಎರಡೂ ಆ ಪಟ್ಟಿಯಲ್ಲಿವೆ. ಸಿಮೆಂಟ್ ಕಂಪನಿಗಳ ಪ್ರತಿಷ್ಠಾನಗಳು ಈ ಕಾಯ್ದೆಯಿಂದಲೇ ಶುರುವಾದವೂ ಅಲ್ಲ. ಅಂಬುಜಾ ಸಿಮೆಂಟಿನವರು ಕಟ್ಟಿದ್ದು 1993ರಿಂದ ಇದೆ, ಕೌಶಲ ತರಬೇತಿಯನ್ನು ದೊಡ್ಡ ಮಟ್ಟದಲ್ಲಿ ನಡೆಸಿದೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ಕಂಪನಿ ಎಲ್ಲಿ ನಡೆಯುತ್ತದೋ ಆ ಸುತ್ತಮುತ್ತಲಿಗೆ ಮೊದಲ ಆದ್ಯತೆ. ಕರ್ನಾಟಕದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂ, ಮಳಖೇಡ ಕಡೆ ಇವೆ. ಹತ್ತಿರದ್ದೆಂದರೆ ತೋರಣಗಲ್ಲು, ಅಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ (ಸ್ಲ್ಯಾಗ್) ಸಿಮೆಂಟಾಗುತ್ತದೆ. ನಮ್ಮ ಎರಡು ತಾಲ್ಲೂಕುಗಳು ಸಿಮೆಂಟು ಸುರಿಯುವ ಕಡೆ ಇವೆ, ಬೇಯಿಸುವ ಕಡೆ ಇಲ್ಲ. ಹಾಗಾಗಿ ಆ ಹಣದ ನೆರಳು ಇಲ್ಲಿಗೆ ತಲುಪುವುದು ಕಷ್ಟ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಕಾಂಕ್ರೀಟಿನ ಉದ್ದಿಮೆ ನಡೆಯುವ ಜಾಗ ಎಂದರೆ ಸಿಮೆಂಟು ಬೇಯುವ ಗೂಡಿರುವ ಊರು ಮಾತ್ರವೋ, ಗೂಡಿನಿಂದ ಬಂದ ಚೀಲವನ್ನು ಬೆನ್ನ ಮೇಲೆ ಹೊರುವವನ ಊರೂ ಹೌದೋ?

ಮೂರನೆಯದು ನಿಜವಾದ ದಾನ. ಇದರಲ್ಲಿ ನಮ್ಮ ಸೀಮೆಗೆ ಬಡತನವಿಲ್ಲ. ಸಿದ್ಧಗಂಗೆ, ಸಿರಿಗೆರೆಗಳ ಹಾಸ್ಟೆಲುಗಳಲ್ಲಿ ಉಂಡು ಓದಿದ ಎಂಜಿನಿಯರುಗಳನ್ನು ಎಣಿಸುವುದು ಕಷ್ಟ. ಕಲ್ಲು ಮಣ್ಣಿನ ಕೆಲಸವನ್ನೇ ಕುಲಕಸುಬಾಗಿಸಿಕೊಂಡ ಭೋವಿ ಸಮುದಾಯದ ಗುರುಪೀಠ ಚಿತ್ರದುರ್ಗದಲ್ಲೇ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸುಜ್ಞಾನನಿಧಿ ಸ್ವಸಹಾಯ ಸಂಘದ ಮನೆಗಳ ಮಕ್ಕಳಿಗೆ ವೃತ್ತಿ ಶಿಕ್ಷಣಕ್ಕೆಂದು ತಿಂಗಳು ತಿಂಗಳು ಕೊಡುತ್ತದೆ. ಮೊತ್ತ ಸಣ್ಣದು, ಆದರೆ ತಪ್ಪದೆ ಬರುವ ಸಣ್ಣ ಮೊತ್ತದ ಬೆಲೆ ಹಾಸ್ಟೆಲಿನ ಹುಡುಗನಿಗೆ ಗೊತ್ತು. ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಈಗ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ದಾನವಲ್ಲದಿದ್ದರೂ ಇಲ್ಲೇ ಹೇಳಬೇಕಾದದ್ದು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ: ತಾಂತ್ರಿಕ ಡಿಪ್ಲೊಮಾ ಅಥವಾ ಪದವಿ ಸೇರಿದ ಹುಡುಗಿಗೆ ವರ್ಷಕ್ಕೆ 50,000, ಮನೆಯ ಆದಾಯ ಎಂಟು ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರಿಗೆ. ಸಿವಿಲ್ ಡಿಪ್ಲೊಮಾ ಎಂದರೆ ಗಂಡುಮಕ್ಕಳ ಓದು ಎಂದುಕೊಂಡ ಅಪ್ಪಂದಿರು ಈ ಸಾಲನ್ನು ಎರಡು ಸಲ ಓದಲಿ.

ಈ ಮೂರೂ ಬಗೆಯ ಹಣವನ್ನು ಜೋಡಿಸಿಟ್ಟು ನೋಡಿದಾಗ ನನಗೆ ಕಂಡದ್ದೊಂದಿದೆ. ಹೆಚ್ಚಿನ ದುಡ್ಡು ಮೇಸ್ತ್ರಿಯ ಮಗನನ್ನು ಕಾಂಕ್ರೀಟಿನಿಂದ ಹೊರಗೆ ಎಳೆಯುವುದಕ್ಕೆ ಇದೆ. ಓದಿ ಗುಮಾಸ್ತನಾಗು, ಶಿಕ್ಷಕನಾಗು, ಸಾಫ್ಟ್‌ವೇರಿಗೆ ಹೋಗು. ತಪ್ಪಲ್ಲ, ಯಾವ ಅಪ್ಪನಿಗೆ ತಾನೇ ಮಗ ಬಿಸಿಲಲ್ಲಿ ಒಣಗಬೇಕೆಂಬ ಆಸೆ? ಆದರೆ ಕಾಂಕ್ರೀಟಿನ ಒಳಗೇ ಮೇಲಕ್ಕೆ ಹತ್ತುವ ಮೆಟ್ಟಿಲುಗಳಿವೆ. ಹೆಲ್ಪರು ಕಂಬಿ ಕಟ್ಟುವವನಾಗಬಹುದು, ಕಂಬಿಯವನು ನಕ್ಷೆ ಓದಿ ಕಂಬಿಯ ಪಟ್ಟಿ ಬರೆಯುವವನಾಗಬಹುದು. ರೆಡಿಮಿಕ್ಸ್ ಸ್ಥಾವರದಲ್ಲಿ ಬ್ಯಾಚಿಂಗ್ ಆಪರೇಟರು, ಪಂಪು ನಡೆಸುವವನು, ಲ್ಯಾಬಿನಲ್ಲಿ ಕಾಂಕ್ರೀಟಿನ ಕ್ಯೂಬು ಒಡೆದು ವರದಿ ಬರೆಯುವವನು, ಹೆಚ್ಚಿನವರು ತಿಂಗಳ ಸಂಬಳದವರು, ಪಿಎಫ್ ಉಳ್ಳವರು. ಈ ಮೆಟ್ಟಿಲು ಹತ್ತಿಸಲು ಕೈಹಿಡಿಯುವ ದತ್ತಿ ನಮ್ಮಲ್ಲಿ ಬಹಳ ತೆಳು.

ಬೇರೆ ಕಡೆ ಇದನ್ನು ಉದ್ದಿಮೆಯೇ ತಲೆಗೆ ಹಚ್ಚಿಕೊಂಡಿದೆ. ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐ 1989ರಲ್ಲಿ ತನ್ನದೇ ಒಂದು ದತ್ತಿ ಪ್ರತಿಷ್ಠಾನ ಮಾಡಿಕೊಂಡು ವಿದ್ಯಾರ್ಥಿಗಳಿಗೆ ಫೆಲೋಶಿಪ್ಪು ಕೊಡುತ್ತ ಬಂದಿದೆ. ಅಲ್ಲಿನ ಟೆನೆಸ್ಸಿಯ ವಿಶ್ವವಿದ್ಯಾಲಯವೊಂದರಲ್ಲಿ 1996ರಲ್ಲಿ ಉದ್ದಿಮೆಯವರ ಬೆಂಬಲದಿಂದಲೇ ಕಾಂಕ್ರೀಟ್ ಉದ್ಯಮ ನಿರ್ವಹಣೆಯ ಪದವಿ ಶುರುವಾಯಿತು. ಅದಕ್ಕೂ ಹಿಂದಿನದು ನನಗೆ ಹೆಚ್ಚು ಇಷ್ಟದ ಕಥೆ. 1914ರ ಹೊತ್ತಿಗೆ ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟ್ ಎಂಬ ಕಾಲೇಜಿನಲ್ಲಿ ಸಿಮೆಂಟ್ ತಯಾರಕರ ಸಂಘ ಹಣ ಹಾಕಿ ಒಂದು ಪ್ರಯೋಗಾಲಯ ನಡೆಸಿತು. ಅಲ್ಲಿನ ಡಫ್ ಏಬ್ರಮ್ಸ್ ಎಂಬಾತ ಸಾವಿರಾರು ಮಾದರಿಗಳನ್ನು ಒಡೆದು ನೋಡಿ 1918ರಲ್ಲಿ ಒಂದು ನಿಯಮ ಬರೆದ: ಸಿಮೆಂಟಿಗೆ ಹೋಲಿಸಿದರೆ ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಇವತ್ತು ಪರಶುರಾಂಪುರದಲ್ಲಿ ಮೋಲ್ಡ್ ಹಾಕಿದರೂ ರಾಂಪುರದಲ್ಲಿ ಹಾಕಿದರೂ ಆ ಸ್ಲ್ಯಾಬು ನಿಲ್ಲುವುದು ಅದೇ ನಿಯಮದ ಮೇಲೆ.

ನಮ್ಮ ಸೈಟುಗಳಲ್ಲಿ ಮುರಿಯುವುದೂ ಅದೇ ನಿಯಮ. ಐವತ್ತು ಕೆ.ಜಿ. ಚೀಲಕ್ಕೆ ಇಪ್ಪತ್ತೈದು ಲೀಟರಿನ ಆಸುಪಾಸಿನಲ್ಲಿ ನಿಲ್ಲಬೇಕಾದ ನೀರು, ಬಿಸಿಲೇರಿ ಮಾಲು ಬಿಗಿಯಾದ ಕೂಡಲೇ ಪೈಪು ಹಿಡಿದಷ್ಟು ಹೋಗುತ್ತದೆ. "ಮಾಲು ಓಡ್ತಿಲ್ಲ, ನೀರ್ ಬಿಡ್ರೋ" ಎಂಬ ಕೂಗು ಕೇಳದ ಸ್ಲ್ಯಾಬು ನಾನು ಕಂಡಿಲ್ಲ. ನಮ್ಮ ಕೊಳವೆಬಾವಿಯ ಸವಳು ನೀರಿನ ಕಥೆ ಬೇರೆ. ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಮೀರಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬು ಒಡೆಯುತ್ತದೆ. ಮನೆ ಕಟ್ಟುವ ಮುನ್ನ ಬೋರಿನ ನೀರು ಪರೀಕ್ಷಿಸಿದವರನ್ನು ತೋರಿಸಿ ಎಂದರೆ ನಾನಿರುವ ಬೀದಿಯಲ್ಲಿ ಯಾರೂ ಸಿಗಲಾರರು. ಕ್ಯೂಬು ತೆಗೆದಿಟ್ಟು ಏಳನೇ ದಿನ, ಇಪ್ಪತ್ತೆಂಟನೇ ದಿನ ಒಡೆದು ನೋಡುವ ಅಭ್ಯಾಸ ಸರ್ಕಾರಿ ಕಾಮಗಾರಿ ಬಿಟ್ಟರೆ ಊರೊಳಗೆ ಕಡಿಮೆ. ಎಂಜಿನಿಯರುಗಳು ಇದನ್ನೆಲ್ಲ ಕಲಿಯುತ್ತಾರೆ. ಆದರೆ ಸಣ್ಣ ಮನೆಗೆ ಎಂಜಿನಿಯರು ನಕ್ಷೆಗೆ ಸಹಿ ಹಾಕಲಷ್ಟೇ ಬರುತ್ತಾನೆ, ಪೈಪು ಹಿಡಿದಿರುವವನು ಹೆಲ್ಪರು. ಕಲಿಕೆ ತಲುಪಬೇಕಾದ ಕೈ ಅದು.

ಕಲಿಸುವವರು ಇಲ್ಲವೇ ಎಂದರೆ, ಇದ್ದಾರೆ. ಎಲ್ ಅಂಡ್ ಟಿ ಕಂಪನಿ 1990ರ ದಶಕದಿಂದಲೇ ಸೆಂಟ್ರಿಂಗ್, ಕಂಬಿ, ಗಾರೆ ಕೆಲಸಕ್ಕೆ ತರಬೇತಿ ಶಾಲೆಗಳನ್ನು ನಡೆಸುತ್ತಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಹುಟ್ಟುಹಾಕಿದ ರುಡ್‌ಸೆಟ್ ಚಿತ್ರದುರ್ಗದಲ್ಲೂ ಶಾಖೆ ಹೊಂದಿದೆ. ಊಟ ವಸತಿ ಸಹಿತ ತರಬೇತಿ ಬಿಟ್ಟಿ. ಗ್ರಾಮೀಣ ಆವಾಸ್ ಯೋಜನೆಯಡಿ ಗಾರೆ ಕೆಲಸದವರಿಗೆ 45 ದಿನಗಳ ತರಬೇತಿ ಮತ್ತು ಸರ್ಟಿಫಿಕೇಟಿನ ಏರ್ಪಾಡಿದೆ. ಕೈಕೆಲಸ ಬರುವವರನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಕೇಂದ್ರದ ಯೋಜನೆಯೂ ಇದೆ. ನಿರ್ಮಿತಿ ಕೇಂದ್ರದ ನೆನಪು ಮಾತ್ರ ನನಗೆ ಬೇಸರದ್ದು. ಎಂಬತ್ತರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿದ ಆ ಕಲ್ಪನೆಯ ಜೀವಾಳವೇ ಕಡಿಮೆ ಖರ್ಚಿನ ಕಟ್ಟಡ ವಿದ್ಯೆಯನ್ನು ಕುಶಲಕರ್ಮಿಗಳಿಗೆ ಕಲಿಸುವುದಾಗಿತ್ತು. ಈಗ ಅದರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಅಂಗನವಾಡಿ, ಸಮುದಾಯ ಭವನ ಕಟ್ಟುವ ಸರ್ಕಾರಿ ಗುತ್ತಿಗೆ.

ಶುಲ್ಕವಿಲ್ಲದ ಇಷ್ಟೊಂದು ಕಲಿಕೆ ಇದ್ದೂ ನಮ್ಮ ಹುಡುಗರು ಹೋಗುವುದಿಲ್ಲ. ಸೋಮಾರಿತನ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ದಿನಗೂಲಿ 600 ರೂಪಾಯಿ ಎಂದುಕೊಳ್ಳಿ. 45 ದಿನ ಎಂದರೆ 27,000. ತರಬೇತಿ ಬಿಟ್ಟಿ ಎಂದು ನಾವು ಹೇಳುವಾಗ ಅವನ ಮನೆಯಲ್ಲಿ 27,000 ರೂಪಾಯಿ ಖರ್ಚಾಗುತ್ತಿರುತ್ತದೆ. ಶನಿವಾರದ ಬಟವಾಡೆ ತಪ್ಪಿದರೆ ಸಂತೆ ತಪ್ಪುತ್ತದೆ, ಸಂಘದ ಕಂತು ತಪ್ಪುತ್ತದೆ, ಮೇಸ್ತ್ರಿ ಅವನ ಜಾಗಕ್ಕೆ ಇನ್ನೊಬ್ಬನನ್ನು ಕರೆದುಕೊಳ್ಳುತ್ತಾನೆ. ಪ್ರಧಾನಮಂತ್ರಿ ಕೌಶಲ ಯೋಜನೆಯ ಎರಡನೇ ಹಂತದಲ್ಲಿ, ಈಗಾಗಲೇ ಬರುವ ಕೈಕೆಲಸದ ಪರೀಕ್ಷೆ ಪಾಸಾದವರಿಗೆ 500 ರೂಪಾಯಿ ಇನಾಮು ಇಟ್ಟಿದ್ದರು. ಒಳ್ಳೆಯ ಯೋಚನೆಯೇ, ಆದರೆ ಆ ಮೊತ್ತ ಮೇಸ್ತ್ರಿಯ ಒಂದು ದಿನದ ಕೂಲಿಗೂ ಸಾಲದು. ಕಲಿಯಲು ತಡೆಯಾಗಿರುವುದು ಫೀಸಲ್ಲ, ಕಳೆದುಹೋಗುವ ಕೂಲಿ. ನಮ್ಮ ಕಡೆಯ ದಾನಿಗಳಿಗೆ ನಾನು ಹೇಳಬೇಕೆಂದಿರುವುದೆಲ್ಲ ಇದೇ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಈ ಸೀಮೆಯ ಲಾರಿಗಳ ಹಣೆಯ ಮೇಲೂ ಇದೆ. ಸ್ವಾಮಿ ಕೆರೆ ಕಟ್ಟಿಸುವಾಗ ಒಬ್ಬೊಬ್ಬರಿಗೂ ಅವರವರು ದುಡಿದಷ್ಟೇ ಕೂಲಿ ತಾನಾಗಿ ಸಿಗುತ್ತಿತ್ತು ಎಂಬ ಕಥೆಯನ್ನು ಹಟ್ಟಿಯ ಹಿರಿಯರು ಈಗಲೂ ಹೇಳುತ್ತಾರೆ. ಕೂಲಿಯವನ ಲೆಕ್ಕದಲ್ಲಿ ಮೋಸವಾಗಬಾರದು ಎಂಬ ಕಾಳಜಿ ನಮ್ಮ ದೈವದ ಕಥೆಯಲ್ಲೇ ಇದೆ ಎಂಬುದು ನನಗೆ ಹೆಮ್ಮೆ. ಆದರೆ ಆ ಲೆಕ್ಕದಲ್ಲಿ ಮಾಡಿದ ಕೆಲಸಕ್ಕಷ್ಟೇ ಜಾಗವಿದೆ. ಇವತ್ತು ಕಲಿತು ನಾಳೆ ಚೆನ್ನಾಗಿ ಮಾಡುವವನಿಗೆ ಇವತ್ತಿನ ಅನ್ನ ಯಾರು ಹಾಕಬೇಕು? ದಾನ ಎಂಬುದು ಹುಟ್ಟಬೇಕಾದದ್ದು ಆ ಸಂದಿಯಲ್ಲಿ. ನಮ್ಮಲ್ಲಿ ಅದು ಹುಟ್ಟುವುದು ಸ್ವಾಗತ ಕಮಾನಿನಲ್ಲಿ. ಊರ ಬಾಗಿಲಿಗೆ ಕಾಂಕ್ರೀಟಿನ ಕಮಾನು, ಅದರ ಮೇಲೆ ದಾನಿಗಳ ಹೆಸರು. ಕಟ್ಟಿದ ಮೇಸ್ತ್ರಿಯ ಹೆಸರು ಎಲ್ಲೂ ಇರುವುದಿಲ್ಲ, ಅದು ಹಾಗಿರಲಿ. ಕಮಾನಿಗೆ ಬಿದ್ದ ದುಡ್ಡಿನಲ್ಲಿ ಎಷ್ಟು ಜನರ 45 ದಿನಗಳ ಕೂಲಿ ತುಂಬಬಹುದಿತ್ತು ಎಂದು ಲೆಕ್ಕ ಹಾಕುವ ಕೆಟ್ಟ ಚಾಳಿ ನನಗೆ ಅಂಟಿಕೊಂಡಿದೆ.

ಹೆಣ್ಣಾಳುಗಳ ಮಾತು ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಸ್ಲ್ಯಾಬು ಹಾಕುವ ದಿನ ಏಣಿಯ ಮೇಲೆ ಬಾಂಡ್ಲಿ ಸಾಗಿಸುವವರಲ್ಲಿ ಅರ್ಧ ಹೆಂಗಸರು. ಇಪ್ಪತ್ತು ವರ್ಷ ಮಾಲು ಹೊತ್ತವಳಿಗೆ ಕಣ್ಣಳತೆಯಲ್ಲೇ ಮಾಲಿನ ಹದ ಗೊತ್ತು, ಆದರೆ ಅವಳ ಕೈಗೆ ಕರಣೆ ಬರುವುದಿಲ್ಲ. ಗಂಡಾಳಿನ ಕೂಲಿಯೂ ಬರುವುದಿಲ್ಲ. ಜಾರ್ಖಂಡಿನಲ್ಲಿ ಶೌಚಾಲಯ ಮತ್ತು ಆವಾಸ್ ಮನೆಗಳ ಕಟ್ಟಡಕ್ಕೆ ಸ್ವಸಹಾಯ ಸಂಘದ ಹೆಂಗಸರಿಗೆ ಗಾರೆ ಕೆಲಸ ಕಲಿಸಿ ನಿಲ್ಲಿಸಿದರು. ಅಲ್ಲಿ ಅವರನ್ನು ರಾಣಿ ಮಿಸ್ತ್ರಿ ಎಂದೇ ಕರೆಯುತ್ತಾರೆ. ನಮ್ಮ ಸಂಘಗಳ ಹೆಂಗಸರು ಹಾಲೋಬ್ಲಾಕಿನ ಅಂಗಳದಲ್ಲಿ ಈಗಾಗಲೇ ದುಡಿಯುತ್ತಿದ್ದಾರೆ. ಬ್ಲಾಕಿನ ಬಲ ಅಳೆಯಲು ಕಲಿಸಿದರೆ, ಯಂತ್ರಕ್ಕೆ ಸಾಲ ಕೊಡಿಸಿದರೆ ಅಂಗಳವೇ ಅವರದಾಗಬಹುದು. ಇದಕ್ಕೆ ಅಮೆರಿಕದ ಪ್ರತಿಷ್ಠಾನ ಬೇಕಿಲ್ಲ. ಚಳ್ಳಕೆರೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣ ಊರೂರಿನ ವಿಜ್ಞಾನ ಶಿಕ್ಷಕರನ್ನು ಕರೆಸಿ ತರಬೇತಿ ಕೊಡುತ್ತಿದೆ. ವರ್ಷಕ್ಕೆರಡು ಭಾನುವಾರ ಮೇಸ್ತ್ರಿಗಳನ್ನೂ ಕರೆಸಿ, ಒಂದರಲ್ಲಿ ಅವರ ಕೈಯಿಂದಲೇ ಕ್ಯೂಬು ಹಾಕಿಸಿ, ನಾಲ್ಕು ವಾರದ ಮೇಲೆ ಇನ್ನೊಂದರಲ್ಲಿ, ನೀರು ಹೆಚ್ಚಿದ್ದು ಎಷ್ಟು ಭಾರಕ್ಕೆ ಒಡೆಯಿತು, ಕಡಿಮೆ ಇದ್ದದ್ದು ಎಷ್ಟು ಭಾರಕ್ಕೆ ಒಡೆಯಿತು ಎಂದು ತೋರಿಸಿದರೆ ಸಾಕು, ಭಾಷಣ ಬೇಕಿಲ್ಲ. ಭಾನುವಾರವಾದರೆ ಕೂಲಿಯೂ ಹೋಗದು.

ಕಲಿಯುವ ದಿನದ ಕೂಲಿ ತುಂಬುವ ಮಾತನ್ನು ಊರ ಹಿರಿಯರೊಬ್ಬರ ಮುಂದೆ ಆಡಿದಾಗ ಅವರು ಕೇಳಿದ್ದು: "ಅಲ್ಲಪ್ಪ, ನಾವು ದುಡ್ಡು ಹಾಕಿ ಕಲಿಸಿ, ಅವನು ಬೆಂಗಳೂರಿಗೆ ಹೋಗಿ ಕುಂತ್ರೆ?" ನ್ಯಾಯವಾದ ಪ್ರಶ್ನೆ. ಅವನು ಕಲಿಯದೆಯೂ ಬೆಂಗಳೂರಿಗೆ ಹೋಗುತ್ತಿದ್ದಾನಲ್ಲ ಎಂದೆ. ಕಲಿತು ಹೋದರೆ ಹೆಲ್ಮೆಟ್ಟಿನ ಬೆಲೆ ತಿಳಿದು ಹೋಗುತ್ತಾನೆ, ಕೂಲಿಗೆ ಚೌಕಾಸಿ ಮಾಡಲು ಒಂದು ಕಾಗದ ಹಿಡಿದು ಹೋಗುತ್ತಾನೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಊರಲ್ಲಿ ಉಳಿಯುವವರಿಗೆ ಮಾತ್ರ ಕೊಡುವ ಷರತ್ತು ಹಾಕಬೇಕು ಎನ್ನುವುದು ಅವರ ಪಟ್ಟು. ಅಂಥ ಷರತ್ತು ಹಾಕಿದರೆ ಅರ್ಜಿಯೇ ಬರುವುದಿಲ್ಲ ಎನ್ನುವುದು ನನ್ನದು.

ಈಚೆಗೆ ಮೊಳಕಾಲ್ಮೂರು ಕಡೆಯ ಓದುಗರೊಬ್ಬರು ಕೇಳಿದ್ದಕ್ಕೆ ಉತ್ತರಿಸಿ ಮುಗಿಸುತ್ತೇನೆ. ಅವರ ತಂದೆ ಗಾರೆ ಮೇಸ್ತ್ರಿಯಾಗಿದ್ದವರು. ತಂದೆಯ ಹೆಸರಿನಲ್ಲಿ ಐದು ಲಕ್ಷದ ದತ್ತಿ ಇಡಬೇಕು, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಕೊಡಲೇ ಎಂದಿದ್ದಾರೆ. ಅಂಕದವರಿಗೆ ಹಾರ ಹಾಕುವವರು ಬೇಕಾದಷ್ಟು ಜನ ಇದ್ದಾರೆ ಸ್ವಾಮಿ. ದತ್ತಿಪತ್ರದಲ್ಲಿ ಹೀಗೆ ಬರೆಸಿ: ಈ ತಾಲ್ಲೂಕಿನ ಒಬ್ಬ ಕಟ್ಟಡ ಕಾರ್ಮಿಕರಿಗೆ, ಒಂದು ವರ್ಷ ಗಂಡಾಳಿಗೆ ಮರುವರ್ಷ ಹೆಣ್ಣಾಳಿಗೆ, ತರಬೇತಿಗೆ ಹೋದಷ್ಟು ದಿನದ ಕೂಲಿಯನ್ನು ವಾರವಾರ, ಶನಿವಾರವೇ ಕೊಡತಕ್ಕದ್ದು. ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆ 35,000 ಆಗುತ್ತದೆ. 600ರಂತೆ 45 ದಿನಕ್ಕೆ 27,000 ಹೋಗಿ 8,000 ಉಳಿಯುತ್ತದೆ. ಅದರಲ್ಲಿ ಕರಣೆ, ತೂಕಗುಂಡು, ರಸಮಟ್ಟ, ಅಳತೆ ಟೇಪು, ಹೆಲ್ಮೆಟ್ಟು, ಒಂದು ಜೊತೆ ಗಟ್ಟಿ ಬೂಟು ಬರುತ್ತವೆ. ಕೂಲಿಯ ದರ ಏರುತ್ತಾ ಹೋಗುವುದರಿಂದ ಐದು ವರ್ಷಕ್ಕೊಮ್ಮೆ ಅಸಲಿಗೆ ಒಂದಿಷ್ಟು ಸೇರಿಸುವ ಮಾತನ್ನೂ ಪತ್ರದಲ್ಲೇ ಹಾಕಿಸಿಬಿಡಿ.